ಸೋತವರ ಪಟ್ಟಿಯ ಮೊದಲ ಹೆಸರು

"ಇನ್ನೂ ನಾಲ್ಕು ನಿಮಿಷ ಇದೆ ಮಗಾ, ಉಸಿರಾದ್ರೂ ಬಿಡು!"

ಟೆನಿಸ್ ಟೂರ್ನಿಯ ಮೇಲ್ವಿಚಾರಕಿ ಗೋತ್ಸಾ ಆಂಟಿ ಸಿಗರೇಟು ಹಿಡಿದ ಕೈಯಲ್ಲೇ ಪೆನ್ನನ್ನು ಮುಂದೆ ತಳ್ಳಿದರು. ತಿಯಾನಾ ಅದನ್ನು ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ಮೇಜಿನ ಆ ತುದಿಯಲ್ಲಿ ಒಬ್ಬ ಗಂಡಸು ಬೆನ್ನು ತೋರಿಸಿಕೊಂಡು ನಿಂತಿದ್ದ. ಎಡಗಿವಿಯ ಹಿಂದೆ ಕೂದಲು ಸುಳಿ ಸುತ್ತಿರುವ ಆ ತಲೆ... ನಾಲ್ಕು ವರ್ಷಗಳಲ್ಲಿ ಎಷ್ಟು ಬಸ್ಸುಗಳಲ್ಲಿ, ಎಷ್ಟು ವಿಮಾನ ನಿಲ್ದಾಣಗಳಲ್ಲಿ ಅಂಥ ತಲೆ ಕಂಡು ಅವಳ ಎದೆ ಧಸಕ್ಕೆಂದಿತ್ತು! ಪ್ರತಿ ಸಲವೂ ಯಾರೋ ಬೇರೆಯವರು.

ಈ ಸಲ ಅಲ್ಲ.

"ಹೆಸರು ವಾಪಸ್ ತಗೊಳ್ಳೋಕೆ ಎಷ್ಟು ಹೊತ್ತಿನ ತನಕ ಟೈಮಿದೆ, ಆಂಟಿ?" ಅವನು ಕೇಳುತ್ತಿದ್ದ.

"ಮೊದಲನೇ ಚೆಂಡು ಹೊಡಿಯೋ ತನಕ. ಯಾಕಪ್ಪಾ? ನಿನ್ನ ಹುಡುಗಿಗೇನಾಯ್ತು?"

"ಏನಿಲ್ಲ. ಸುಮ್ನೆ ಕೇಳ್ದೆ."

ಅವನು ತಿರುಗಿದ. ವುಕಾಶಿನ್. ಕಣ್ಣ ಕೆಳಗೆ ಕಪ್ಪು, ಗಡ್ಡದಲ್ಲಿ ಒಂದೆರಡು ಬಿಳಿ ಎಳೆ.

ಗೋತ್ಸಾ ಆಂಟಿ ಒಮ್ಮೆ ಇವಳನ್ನೂ ಒಮ್ಮೆ ಅವನನ್ನೂ ನೋಡಿ, ಸಿಗರೇಟಿನ ಬೂದಿಯನ್ನು ಕಾಫಿ ಲೋಟದೊಳಗೇ ಕೊಡವಿದರು.

"ಸಹಿ ಮಾಡು ತಿಯಾನಾ. ಹತ್ತು ಹೊಡೀತು ಅಂದ್ರೆ ನಾನು ನಿಮ್ಮಪ್ಪ ಬಂದ್ರೂ ಬಿಡಲ್ಲ."

ಅವಳು ಸಹಿ ಹಾಕಿದಳು.

"ಇಲ್ಲೇ ಇರ್ತೀಯಲ್ಲ?" ವುಕಾಶಿನ್ ಕೇಳಿದ. ನಾಲ್ಕು ವರ್ಷದ ಮೇಲೆ ಅವನಾಡಿದ ಮೊದಲ ಮಾತು! "ಎಲ್ಲೂ ಹೋಗ್ಬೇಡ."

"ಹೋಗೋ ಅಭ್ಯಾಸ ನಂದಲ್ಲ," ಎಂದಳು ತಿಯಾನಾ. ಬ್ಯಾಗನ್ನು ಎಡ ಹೆಗಲಿಗೇರಿಸಿ ಹೊರಗೆ ನಡೆದಳು.

ಅವಳು ಸಹಿ ಹಾಕಿದ್ದು ಸೋತವರ ಪಟ್ಟಿಗೆ.

ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತವರು ಮರುದಿನ ಹತ್ತರೊಳಗೆ ಬಂದು ಹೆಸರು ಬರೆಸಬೇಕು. ಮುಖ್ಯ ಸುತ್ತಿನಿಂದ ಯಾರಾದರೂ ಹಿಂದೆ ಸರಿದರೆ ಆ ಜಾಗ ಪಟ್ಟಿಯ ಮೊದಲ ಹೆಸರಿಗೆ. ಅಲ್ಲಿಯವರೆಗೆ ಬೂಟು ಕಟ್ಟಿಕೊಂಡು, ಕೂದಲು ಬಿಗಿದುಕೊಂಡು, ಹೊಟ್ಟೆ ತುಂಬ ತಿನ್ನದೆ ಕೂತಿರಬೇಕು. ಕರೆದ ಹತ್ತು ನಿಮಿಷಕ್ಕೆ ಕೋರ್ಟಿನಲ್ಲಿರಬೇಕು. ಹೀಗೆ ಕಾಯುವವರಿಗೆ ಈ ಆಟದಲ್ಲಿ ಲಕ್ಕಿ ಲೂಸರ್ ಎಂದು ಹೆಸರು. ಹೆಸರಿಟ್ಟ ಪುಣ್ಯಾತ್ಮ ಒಂದು ದಿನವೂ ಹೀಗೆ ಕೂತಿರಲಾರ.

ಸೊಂಬೊರ್ ಊರಿನ ಆ ಹಳೆಯ ಕ್ಲಬ್ಬಿನಲ್ಲಿ ನೆರಳಿದ್ದುದು ಒಂದೇ ಕಡೆ, ಲಿಂಡನ್ ಮರದ ಬುಡದಲ್ಲಿ. ತಿಯಾನಾ ಅಲ್ಲಿನ ಬೆಂಚಿನ ಮೇಲೆ ಕೂತಳು. ಮರ ಹೂಬಿಟ್ಟು ಇಡೀ ಅಂಗಳ ಘಮಘಮ ಎನ್ನುತ್ತಿತ್ತು. ಅವಳಿಗೆ ತಲೆನೋವು ಬರುತ್ತಿತ್ತು.

ಅವಳಿಗೀಗ ಮೂವತ್ತೊಂದು ವರ್ಷ. ಮುಂದಿನ ಸೋಮವಾರ ಬಂದರೆ ಕಳೆದ ವರ್ಷ ಗೆದ್ದ ಒಂದೇ ಒಂದು ಟೂರ್ನಿಯ ಅಂಕಗಳು ವರ್ಷ ತುಂಬಿ ಕಳಚಿ ಬೀಳುತ್ತವೆ. ವಿಶ್ವದ ಇನ್ನೂರ ಅರವತ್ತೆಂಟನೇ ಸ್ಥಾನದಿಂದ ಐನೂರರ ಆಚೆಗೆ. ಆಮೇಲೆ ಇಂಥ ಟೂರ್ನಿಯ ಅರ್ಹತಾ ಸುತ್ತಿಗೂ ಅವಳ ಹೆಸರನ್ನು ಯಾರೂ ಮೂಸಿ ನೋಡುವುದಿಲ್ಲ. ಉಳಿಯಬೇಕೆಂದರೆ ಈ ವಾರ ಮುಖ್ಯ ಸುತ್ತಿನಲ್ಲಿ ಒಂದು ಗೆಲುವು ಬೇಕು. ನಿನ್ನೆ ಸೋತಾಗಿತ್ತು. ಉಳಿದದ್ದು ಈ ಪಟ್ಟಿ.

ಅವಳ ಊರು ಸುಬೋತಿತ್ಸಾದ ಶಾಲೆಯೊಂದು ಆಟದ ಟೀಚರ್ ಕೆಲಸಕ್ಕೆ ನಾಳೆಯೊಳಗೆ ಉತ್ತರ ಕೊಡಿ ಎಂದಿತ್ತು.

'ಸಂಜೆವರೆಗೂ ಕರೀಲಿಲ್ಲ ಅಂದ್ರೆ ಮುಗೀತು,' ಎಂದುಕೊಂಡಳು. ಆ ಯೋಚನೆಗೆ ಅಳುವೂ ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಏನಾದರೂ ಒಂದು ಉಳಿದಿರಬೇಕಲ್ಲ...

ಒಂದು ಕಾಲದಲ್ಲಿ ಅವಳು ತೊಂಬತ್ತನಾಲ್ಕನೇ ಸ್ಥಾನದಲ್ಲಿದ್ದಳು!

ಆಗ ವುಕಾಶಿನ್ ಅವಳ ಕೋಚ್. ಅವಳ ಪ್ರೀತಿ. ಕಾರು ಓಡಿಸುವವನು, ಬೆವರಿನ ಬಟ್ಟೆ ಒಗೆಯುವವನು, ಸೋತ ರಾತ್ರಿಗಳಲ್ಲಿ ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ಚನ್ನು ಎರಡು ಪಾಲು ಮಾಡಿ ದೊಡ್ಡದನ್ನು ಅವಳಿಗೆ ಕೊಡುವವನು.

ಸಮುದ್ರದ ದಂಡೆಯ ಊರೊಂದರಲ್ಲಿ ಕ್ವಾರ್ಟರ್ ಫೈನಲ್ ಆಡುತ್ತಿದ್ದಾಗ ಅವಳ ಭುಜದೊಳಗೆ ಟಕ್ ಎಂದಿತ್ತು. ಅವಳು ಬೇಲಿಯ ಕಡೆ ನೋಡಿದ್ದಳು. ಅವನು ಮುಷ್ಟಿ ಬಿಗಿದು ತೋರಿಸಿದ್ದ. ಆಡು! ಅವಳು ಆಡಿದಳು. ಗೆದ್ದಳು. ಮರುದಿನ ಬಾಚಣಿಗೆ ಎತ್ತಲು ಆಗಲಿಲ್ಲ.

ಶಸ್ತ್ರಚಿಕಿತ್ಸೆಯಾದ ಆರನೇ ವಾರ, ಅವಳು ಎಡಗೈಯಲ್ಲಿ ಹಲ್ಲುಜ್ಜಲು ಕಲಿಯುತ್ತಿದ್ದಾಗ, ಅವನು "ನೋವಿ ಸಾದ್‌ನ ಅಕಾಡೆಮಿಯವ್ರು ಕರೆದಿದಾರೆ" ಎಂದ. ಹೋದ. ಆ ತಿಂಗಳು ಅವಳ ಸ್ಥಾನ ವಾರವಾರವೂ ಜಾರುತ್ತಿತ್ತು. ಎರಡಕ್ಕೂ ಸಂಬಂಧ ಕಲ್ಪಿಸುವುದು ಕಷ್ಟವೇನಿರಲಿಲ್ಲ.

'ಮೇಲಿದ್ದಾಗ ಇದ್ದ. ಬಿದ್ದಾಗ ಎದ್ದು ಹೋದ.'

ನಾಲ್ಕು ವರ್ಷ ಅವಳು ಈ ಒಂದು ವಾಕ್ಯವನ್ನು ಊರಿಂದೂರಿಗೆ ಹೊತ್ತು ತಿರುಗಿದ್ದಳು.

ಪಟ್ಟಿಯ ಎರಡನೇ ಹೆಸರು ಬಿಲ್ಯಾನಾ. ಅವಳು ಹುಲ್ಲಿನ ಮೇಲೆ ಕಾಲು ಚಾಚಿ, ಮೊಸರು ಕುಡಿಯುತ್ತಾ ಚೀಸ್ ತುಂಬಿದ ಪದರು ರೊಟ್ಟಿ ಬುರೆಕ್ ತಿನ್ನುತ್ತಿದ್ದಳು.

"ತಿನ್ನೇ, ಒಂದು ತುಂಡು," ಎಂದಳು.

"ಆಡ್ಬೇಕಾಗಿ ಬಂದ್ರೆ?"

"ಅಯ್ಯೋ ದೇವರೇ! ಇವಳನ್ನ ನೋಡಿ! ಹನ್ನೊಂದು ವರ್ಷದಿಂದ ನಾನು ಈ ಪಟ್ಟಿಗೆ ಸಹಿ ಹಾಕ್ತಿದೀನಿ, ಎರಡೇ ಸಲ ಕರೆದಿರೋದು. ಅದ್ರಲ್ಲಿ ಒಂದ್ಸಲ ನಾನು ಟಾಯ್ಲೆಟ್ಟಲ್ಲಿದ್ದೆ."

ತಿಯಾನಾಗೆ ನಗು ಬಂತು. ಆ ದಿನದ ಒಂದೇ ನಗು.

ಹೆಡ್ಜ್ ಗಿಡಗಳ ಆಚೆ ನಾಲ್ಕನೇ ಕೋರ್ಟಿನಲ್ಲಿ ವುಕಾಶಿನ್ ತನ್ನ ಶಿಷ್ಯೆ ಲೆನ್ಕಾಳಿಗೆ ಅಭ್ಯಾಸ ಮಾಡಿಸುತ್ತಿದ್ದ. ಹದಿನೆಂಟರ ಹುಡುಗಿ, ಎಲ್ಲರ ಬಾಯಲ್ಲೂ ಅವಳದೇ ಮಾತು. ಆ ಕಡೆ ಕಣ್ಣು ಹೋಗಬಾರದೆಂದು ತಿಯಾನಾ ತಿರುಗಿ ಕೂತಳು. ಹಾಗಾಗಿ ನೋಡಬೇಕಾದುದನ್ನೂ ನೋಡಲಿಲ್ಲ.

ಹನ್ನೆರಡಾಯಿತು. ಎರಡಾಯಿತು. ಒಂದೊಂದೇ ಪಂದ್ಯ ಶುರುವಾದ ಹಾಗೆ ಒಂದೊಂದೇ ಬಾಗಿಲು ಮುಚ್ಚಿದಂತಾಗುತ್ತಿತ್ತು. ನಾಲ್ಕರ ಹೊತ್ತಿಗೆ ಉಳಿದದ್ದು ಕೊನೆಯ ಎರಡು ಪಂದ್ಯ. ತಿಯಾನಾ ಬೂಟಿನ ದಾರಕ್ಕೆ ಕೈ ಹಾಕಿದಳು, ಬಿಚ್ಚೋಣವೆಂದು.

"ತಿಯಾನಾ ಮಿಲಾಕೋವಿಚ್!" ಗೋತ್ಸಾ ಆಂಟಿಯ ಗಂಟಲಿಗೆ ಮೈಕು ಬೇಕಿರಲಿಲ್ಲ. "ಎರಡನೇ ಕೋರ್ಟು! ಹತ್ತು ನಿಮಿಷ! ಕೇಳಿಸ್ತೇನೇ?"

ಅವಳು ಎದ್ದು ನಿಂತಳು. ಕಿವಿಯಲ್ಲಿ ಗುಂಯ್ ಎಂದಿತು.

"ಯಾರ ಜಾಗ ಆಂಟಿ?"

"ಲೆನ್ಕಾದು. ಅವಳ ಕೋಚ್ ಈಗಷ್ಟೇ ಬಂದು ಹೆಸರು ತೆಗೆಸಿದ."

ಬಿಲ್ಯಾನಾ ಎರಡನೇ ಬುರೆಕ್ ಅಗಿಯುವುದನ್ನು ನಿಲ್ಲಿಸಿದಳು. ಮೆಲ್ಲಗೆ ಶಿಳ್ಳೆ ಹೊಡೆದಳು.

"ಓಹೋ... ಹಳೇ ಪ್ರೀತಿಗೆ ಇಷ್ಟು ಬೆಲೆ ಉಂಟು ಅಂತ ಗೊತ್ತಿದ್ರೆ ನಾನೂ ಒಬ್ಬ ಕೋಚನ್ನ ಪ್ರೀತಿಸ್ತಿದ್ದೆ!"

"ಏನು ಹಾಗಂದ್ರೆ?"

"ನನ್ನನ್ನೇನು ಕೇಳ್ತೀಯ? ನಾಟಕದ ಕಾಲುನೋವು, ಗೆಳತಿಗೊಂದು ಜಾಗ. ಈ ಊರೂರು ಅಲೆಯೋ ಜನದಲ್ಲಿ ಇದೇನು ಹೊಸದಾ? ಬೆಳಿಗ್ಗೆ ತಾನೇ ಕೇಳ್ತಿದ್ನಂತಲ್ಲ, ಎಷ್ಟು ಹೊತ್ತಿನ ತನಕ ಟೈಮಿದೆ ಅಂತ."

ಹೌದು, ಕೇಳುತ್ತಿದ್ದ. ಎಲ್ಲೂ ಹೋಗಬೇಡ ಎಂದಿದ್ದ.

ಹಾಗಾದರೆ ಇದೂ ಅವಳದಲ್ಲ! ಈ ಕೊನೆಯದೂ ಯಾರೋ ಎಸೆದ ಭಿಕ್ಷೆ!

ಅವನು ಬಟ್ಟೆ ಬದಲಾಯಿಸುವ ಕೋಣೆಗಳ ಹಿಂದೆ ಸಿಕ್ಕ. ಎರಡು ಹೆಗಲಿಗೂ ಬ್ಯಾಗು.

"ದಾನ ಮಾಡೋಕೆ ಬೇರೆ ಯಾರೂ ಸಿಗ್ಲಿಲ್ವಾ ನಿನಗೆ?"

"ತಿಯಾನಾ, ಕೋರ್ಟಿಗೆ ಹೋಗು. ಟೈಮಿಲ್ಲ."

"ಹೋಗಲ್ಲ! ಒಂದು ಮಗುವಿನ ಆಟ ಹಾಳ್ಮಾಡಿ ನನಗೆ ಜಾಗ ಕೊಡ್ತೀಯಾ? ಬಿಟ್ಟು ಹೋದ ಪಾಪ ಹೀಗೆ ತೊಳ್ಕೊತೀಯಾ? ನನ್ನ ಮೇಲೆ ಯಾವನಿಗೂ ಕರುಣೆ ಬೇಡ, ಅದರಲ್ಲೂ ನಿಂದು..."

"ನಾನು ಆಡ್ತಿದ್ದೆ ಅಕ್ಕಾ!"

ಕೋಣೆಯ ಬಾಗಿಲಲ್ಲಿ ಲೆನ್ಕಾ ನಿಂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ನನಗೇನೂ ಆಗಿರ್ಲಿಲ್ಲ! ಕಾಲು ಸ್ವಲ್ಪ ಉಳುಕಿತ್ತು ಅಷ್ಟೆ. ಟೇಪ್ ಸುತ್ತಿಕೊಂಡು ಆಡ್ತಿದ್ದೆ. ಇವ್ರೇ ನನ್ನ ಕೇಳದೆ ಹೆಸರು ತೆಗ್ಸಿದ್ದು. ನಾನು ನಮ್ಮಮ್ಮನಿಗೆ ಹೇಳ್ತೀನಿ, ಕೋಚ್ ಬದಲಾಯಿಸ್ತೀನಿ..."

ಹೇಳುತ್ತಾ ಒಂದು ಹೆಜ್ಜೆ ಮುಂದಿಟ್ಟಳು. ಎಡಗಾಲು ನೆಲಕ್ಕೆ ತಾಗುತ್ತಿದ್ದಂತೆ ಮುಖ ಕಿವುಚಿತು. ಕೂಡಲೇ ಸರಿಮಾಡಿಕೊಂಡಳು.

ಆ ಸರಿಮಾಡಿಕೊಳ್ಳುವುದು ತಿಯಾನಾಗೆ ಗೊತ್ತಿತ್ತು. ತನ್ನ ಮುಖವನ್ನು ಕನ್ನಡಿಯಲ್ಲಿ ಕಂಡಷ್ಟು ಚೆನ್ನಾಗಿ ಗೊತ್ತಿತ್ತು.

"ಸಾಕ್ಸ್ ಕೆಳಗೆ ಮಾಡು," ಎಂದಳು.

"ಏನೂ ಇಲ್ಲ ಅಕ್ಕಾ..."

"ಮಾಡು ಅಂದೆ."

ಪಾದದ ಗಂಟು ಬದನೆಕಾಯಿಯಂತೆ ಊದಿ ನೀಲಿಗಟ್ಟಿತ್ತು.

ಲೆನ್ಕಾ ಸಾಕ್ಸನ್ನು ಮೇಲೆಳೆದುಕೊಂಡು, ಬಾಗಿಲನ್ನು ದಢಾರನೆ ಹಾಕಿಕೊಂಡು ಒಳಗೆ ಹೋದಳು.

"ನಿನ್ನೆ ರಾತ್ರಿಯಿಂದ ನನಗೆ ತೋರಿಸ್ದೆ ಮುಚ್ಚಿಟ್ಟಿದ್ಲು," ವುಕಾಶಿನ್ ಹೇಳಿದ. "ಬೆಳಿಗ್ಗೆ ಮೆಟ್ಟಿಲು ಇಳಿಯೋದು ನೋಡಿ ಅನುಮಾನ ಬಂತು. ಅದಕ್ಕೇ ಕೇಳ್ದೆ ಟೈಮು. ಪಟ್ಟೀಲಿ ನಿನ್ನ ಹೆಸರು ಮೊದಲಿತ್ತು, ಕಂಡೆ. ಅದಕ್ಕೇ ಇಲ್ಲೇ ಇರು ಅಂದೆ. ಜಾಗ ಖಾಲಿಯಾದಾಗ ನೀನಿಲ್ಲ ಅಂದ್ರೆ ಸಂಕಟ ಆಗ್ತಿತ್ತು. ಆದ್ರೆ ನಿನಗೋಸ್ಕರ ಇವಳನ್ನ ತೆಗೆದಿದ್ದಲ್ಲ ತಿಯಾನಾ."

"ಮತ್ತೆ?"

ಅವನು ಬ್ಯಾಗುಗಳನ್ನು ಕೆಳಗಿಟ್ಟ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಅವತ್ತು ನಿನ್ನ ಭುಜ ನೋಡಿದ ಡಾಕ್ಟರು ನನ್ನನ್ನ ಹೊರಗೆ ಕರೆದು ಹೇಳಿದ್ರು. 'ಎರಡನೇ ಸೆಟ್ಟಲ್ಲೇ ನಿಲ್ಸಿದ್ರೆ ಸಣ್ಣ ಗಾಯ. ಆಮೇಲೆ ಆಡಿದ ಒಂದು ಗಂಟೇಲಿ ಪೂರ್ತಿ ಹರಿದಿದೆ' ಅಂತ. ನೀನು ನನ್ನ ಕಡೆ ನೋಡಿದ್ದೆ. ನಾನು ಮುಷ್ಟಿ ತೋರಿಸ್ದೆ. ಗೆಲ್ಲಬೇಕು ಅಂತ ಇದ್ದಿದ್ದು ನನಗೆ..." ಅವನು ಕೆಳಗಿಟ್ಟ ಬ್ಯಾಗನ್ನು ಕಾಲಿನಿಂದ ಗೋಡೆಗೆ ಸರಿಸಿದ. "ನೀನು ಎಡಗೈಯಲ್ಲಿ ಬ್ರಷ್ ಹಿಡಿದು ಕನ್ನಡಿ ಮುಂದೆ ನಿಂತಿರ್ತಿದ್ದೆ. ಅದನ್ನ ದಿನಾ ನೋಡೋಕೆ ನನ್ನಿಂದ ಆಗ್ಲಿಲ್ಲ. ನಾನು ಹೇಡಿ. ಓಡಿಹೋದೆ."

ತಿಯಾನಾ ನಾಲ್ಕು ವರ್ಷ ಹೊತ್ತು ತಿರುಗಿದ ವಾಕ್ಯ ಕೈಯಿಂದ ಜಾರಿ ಎಲ್ಲೋ ಬಿತ್ತು. ಅದು ಹೋದಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ... ಸಿಟ್ಟು ಬಂತು.

"ಹೋಗೋ ಮುಂಚೆ ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ? ಒಂದೇ ಒಂದ್ಸಲ?"

"ತಿಯಾನಾಆಆ!" ದೂರದಿಂದ ಗೋತ್ಸಾ ಆಂಟಿ. "ಮೂರು ನಿಮಿಷ!"

ಅವಳು ಬ್ಯಾಗ್ ಎತ್ತಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿದಳು.

"ಬೇಲಿ ಹತ್ರ ಬಂದು ನಿಂತ್ಕೊ. ಆದ್ರೆ ಇವತ್ತು ಮುಷ್ಟಿ, ಕಣ್ಣು, ತಲೆ, ಏನೂ ಆಡಿಸ್ಬೇಡ. ಕಲ್ಲಿನ ಥರ ನಿಂತಿರು. ತಿಳೀತಾ?"

ಎದುರಾಳಿ ಹಂಗೇರಿಯ ಡೋರ್ಕಾ. ಹತ್ತೊಂಬತ್ತು ವರ್ಷ, ಈ ಟೂರ್ನಿಯಲ್ಲಿ ಆರನೇ ಶ್ರೇಯಾಂಕ, ಚೆಂಡನ್ನು ಅದರ ಮೇಲೆ ಹಳೇ ದ್ವೇಷವಿದ್ದಂತೆ ಬಡಿಯುತ್ತಿದ್ದಳು.

ಮೊದಲ ಸೆಟ್ 4-6. ತಿಯಾನಾಳ ಕಾಲುಗಳು ಇಡೀ ದಿನ ಬೆಂಚಿನ ಮೇಲೆ ಕೂತ ಕಾಲುಗಳಾಗಿದ್ದವು.

ಎರಡನೇ ಸೆಟ್ಟಿನಲ್ಲಿ ಅವಳು ಹೊಡೆಯುವುದನ್ನು ಬಿಟ್ಟು ಹಿಂದಿರುಗಿಸುವುದನ್ನು ಶುರುಮಾಡಿದಳು. ಎತ್ತರಕ್ಕೆ, ನಿಧಾನಕ್ಕೆ, ಗೆರೆಯ ಹತ್ತಿರಕ್ಕೆ. ಕೆಂಪು ಮಣ್ಣಿನಲ್ಲಿ ಬೆಳೆದ ಮುದಿ ಆಟಗಾರ್ತಿಯರ ಆಟ, ನೋಡುವವರಿಗೆ ಆಕಳಿಕೆ ತರಿಸುವ ಆಟ. ಡೋರ್ಕಾಳಿಗೆ ತಾಳ್ಮೆ ಇರಲಿಲ್ಲ. 6-3.

ಮೂರನೆಯದರಲ್ಲಿ ಒಂದೊಂದು ಗೇಮೂ ಹಲ್ಲು ಕಿತ್ತಂತೆ. ನೆರಳು ಉದ್ದವಾಯಿತು. ಬೇರೆ ಕೋರ್ಟುಗಳಲ್ಲಿ ಆಟ ಮುಗಿದವರು ಒಬ್ಬೊಬ್ಬರಾಗಿ ಬಂದು ನಿಂತರು. ಬಿಲ್ಯಾನಾ ಬೇಡವೆಂದುಕೊಂಡೇ ಚಪ್ಪಾಳೆ ತಟ್ಟಿದಳು.

5-4. ತಿಯಾನಾಳ ಸರ್ವ್. ಮೂವತ್ತು-ಸೊನ್ನೆ.

ಇನ್ನೆರಡು ಪಾಯಿಂಟ್!

ಚೆಂಡು ಮೇಲೆಸೆದಳು. ಕೈ ಮೇಲೆ ಹೋಯಿತು...

ಟಕ್.

ಚೆಂಡು ನೆಟ್‌ಗೆ ಬಡಿದು ಉರುಳಿತು. ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ. ಅವಳಿಗೆ ಮೈಯೊಳಗೆ ಬಾಗಿಲಿನ ಚಿಲಕ ಮುರಿದಷ್ಟು ಸ್ಪಷ್ಟವಾಗಿ ಕೇಳಿಸಿತು.

ಅವಳು ಬೇಲಿಯ ಕಡೆ ನೋಡಿದಳು.

ವುಕಾಶಿನ್ ತಂತಿಯ ಕಣ್ಣುಗಳಲ್ಲಿ ಬೆರಳು ಸಿಕ್ಕಿಸಿ ನಿಂತಿದ್ದ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವನಿಗೆ ಗೊತ್ತಾಗಿತ್ತು. ಆದರೂ ಕಲ್ಲಿನಂತೆ ನಿಂತಿದ್ದ. ತುಟಿ ಅಲುಗಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಅದನ್ನು ಒರೆಸಲೂ ಕೈ ತೆಗೆಯಲಿಲ್ಲ.

ಆಗ ತಿಯಾನಾಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಏಕೆ ಹೊಳೆಯಲಿಲ್ಲವೋ!

ಅವತ್ತು ಅವಳು ಬೇಲಿಯ ಕಡೆ ನೋಡಿದ್ದು ಏನು ಮಾಡಲಿ ಎಂದು ಕೇಳುವುದಕ್ಕಲ್ಲ. ಅವಳು ಆಗಲೇ ನಿರ್ಧರಿಸಿದ್ದಳು. ಬೇಕಾಗಿದ್ದುದು ಒಂದು ಮುಷ್ಟಿ, ಅಷ್ಟೆ. ಅವನು ಬೇಡವೆಂದು ತಲೆ ಅಲ್ಲಾಡಿಸಿದ್ದರೂ ಅವಳು ಮುಖ ತಿರುಗಿಸಿ ಸರ್ವ್ ಮಾಡುತ್ತಿದ್ದಳು.

ಎಡಗೈಯಿಂದ ಎರಡನೇ ಚೆಂಡನ್ನು ನೆಲಕ್ಕೆ ಒಂದು ಸಲ ಬಡಿದಳು. ಎರಡು ಸಲ. ಎರಡು ಪಾಯಿಂಟ್. ಆಡಬಹುದು. ಆಡಿದರೆ ಗೆಲ್ಲಲೂಬಹುದು. ಅಂಕ ಸಿಗುತ್ತದೆ, ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಇನ್ನೊಂದು ವರ್ಷ ಬೆಂಚುಗಳ ಮೇಲೆ ಬೂಟು ಕಟ್ಟಿಕೊಂಡು ಕೂರಬಹುದು...

ಅವಳು ಚೆಂಡನ್ನು ಜೇಬಿಗೆ ಹಾಕಿಕೊಂಡು ನೆಟ್‌ನ ಕಡೆ ನಡೆದಳು. ಎಡಗೈ ಚಾಚಿದಳು.

ಡೋರ್ಕಾ ಹುಬ್ಬೇರಿಸಿ ನೋಡಿದಳು. "ಏನಾಯ್ತು? ನೀವು ಗೆಲ್ತಾ ಇದೀರಲ್ಲ!"

ಗಡಿಯೂರು ಸುಬೋತಿತ್ಸಾದಲ್ಲಿ ಬೆಳೆದವಳಿಗೆ ಹಂಗೇರಿಯನ್ ಭಾಷೆ ಬೇರೆಯವರದಲ್ಲ.

"ಗೊತ್ತು ಮಗಾ," ಎಂದಳು ತಿಯಾನಾ ಅದೇ ಭಾಷೆಯಲ್ಲಿ. "ನನಗೆ ಸಾಕು."

ಪಂದ್ಯ ಬಿಟ್ಟುಕೊಡ್ತೀರಾ ಎಂದು ಅಂಪೈರ್ ಎರಡು ಸಲ ಕೇಳಿದ. ಅವಳು ಎರಡು ಸಲವೂ ಹೌದು ಎಂದಳು.

ಜನ ಚದುರಿದರು. ಬಿಲ್ಯಾನಾ ಐಸ್ ತುಂಬಿದ ಚೀಲ ತಂದು ಅವಳ ಭುಜದ ಮೇಲಿಟ್ಟಳು.

"ಹುಚ್ಚೀ! ಎರಡು ಪಾಯಿಂಟ್ ಕಣೇ! ಕಣ್ಮುಚ್ಚಿಕೊಂಡು ಬಡಿಯೋದಲ್ವಾ! ನನ್ನ ಕರೆದಿದ್ರೆ ನಾನಾದ್ರೂ..." ಎಂದವಳು ಮಾತು ನುಂಗಿಕೊಂಡಳು. "ಮಧ್ಯಾಹ್ನ ಅಂದಿದ್ದು ಮನಸ್ಸಿಗೆ ಹಚ್ಕೋಬೇಡ. ಆ ಹುಡುಗಿ ಕಾಲು ನೋಡ್ದೆ." ಅವಳ ಕೆನ್ನೆಗೆ ಒಂದು ಮುತ್ತು ಕೊಟ್ಟು ಹೋದಳು.

ವುಕಾಶಿನ್ ಬಂದು ಬೆಂಚಿನ ತುದಿಗೆ ಕೂತ. ನಡುವೆ ಒಬ್ಬರು ಕೂರುವಷ್ಟು ಜಾಗ. ಕೋರ್ಟಿನವರು ಪೈಪ್ ಹಿಡಿದು ಮಣ್ಣಿಗೆ ನೀರು ಬಿಡುತ್ತಿದ್ದರು.

"ಅವತ್ತು ನೀನು ಬೇಡ ಅಂದಿದ್ರೂ ನಾನು ನಿಲ್ಲಿಸ್ತಿರ್ಲಿಲ್ಲ ಕಣೋ," ಎಂದಳು ತಿಯಾನಾ. "ನನ್ನ ತಪ್ಪನ್ನ ನಾಲ್ಕು ವರ್ಷ ನೀನು ಹೊತ್ಕೊಂಡು ತಿರುಗಿದೀಯ. ಯಾರು ಹೇಳಿದ್ರು ಹೊರೋಕೆ?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ಮುಷ್ಟಿ ತೋರಿಸಿದ್ದಕ್ಕೆ ನೀನು ಕ್ಷಮೆ ಕೇಳೋದು ಬೇಕಾಗಿಲ್ಲ. ಹೋಗಿದ್ದಕ್ಕೆ ಬೇಕು. ನನಗೆ ಆವಾಗ ಕೋಚ್ ಬೇಕಾಗಿರ್ಲಿಲ್ಲ. ಪೇಸ್ಟಿನ ಮುಚ್ಚಳ ತೆಗೆದುಕೊಡೋಕೆ ಒಬ್ಬ ಮನುಷ್ಯ ಬೇಕಾಗಿತ್ತು."

"ಗೊತ್ತು," ಎಂದ ವುಕಾಶಿನ್. "ದಿನಾ ನಿನ್ನ ಸ್ಕೋರ್ ನೋಡ್ತಿದ್ದೆ. ಯಾವ ಊರು, ಯಾವ ಕೋರ್ಟು, ಎಲ್ಲ. ಫೋನ್ ಮಾಡೋಕೆ ಮುಖ ಇರ್ಲಿಲ್ಲ. ನಿನ್ನ ಪ್ರೀತಿಸೋದು ಒಂದಿನಾನೂ ನಿಲ್ಲಲಿಲ್ಲ ತಿಯಾನಾ. ಅದು ನಿನ್ನ ಯಾವ ಕೆಲಸಕ್ಕೂ ಬರ್ಲಿಲ್ಲ, ಅದೂ ಗೊತ್ತು. ಕ್ಷಮಿಸು."

ಅವಳು ಐಸ್ ಚೀಲವನ್ನು ಭುಜದ ಮೇಲೆ ಸರಿಪಡಿಸಿಕೊಂಡಳು.

"ನಾಳೆ ಶಾಲೆಯವ್ರಿಗೆ ಹೂಂ ಅಂತೀನಿ," ಎಂದಳು. "ಆಮೇಲೆ ಭುಜ ತೋರಿಸ್ಬೇಕು. ಮತ್ತೆ ಕೊಯ್ತಾರೇನೋ. ಆರು ವಾರ ಎಡಗೈ."

"ಸುಬೋತಿತ್ಸಾ ದೂರ ಏನಲ್ಲ. ವಾರಕ್ಕೊಂದ್ಸಲ..." ಎಂದವನು ಅವಳ ಮುಖ ನೋಡಿ ತಿದ್ದಿಕೊಂಡ. "ದಿನಾ ಬರ್ತೀನಿ."

"ಹೇಳೋದಲ್ಲ. ಬಾ. ನೋಡೋಣ."

ಬೆಳಗಿನಿಂದ ಬಿಗಿದು ಕಟ್ಟಿದ ಕೂದಲಿನಿಂದ ಅವಳ ನೆತ್ತಿ ಸಿಡಿಯುತ್ತಿತ್ತು. ಬಿಚ್ಚಲು ಕೈ ಎತ್ತಿದಳು. ಅರ್ಧಕ್ಕೇ ನಿಂತಿತು. ಎಡಗೈಗೆ ಆ ಗಂಟು ಸಿಗಲಿಲ್ಲ. ಅವಳು ಬೆಂಚಿನ ಮೇಲೆ ಸರಿದು, ಅವನಿಗೆ ಬೆನ್ನು ಕೊಟ್ಟು ಕೂತಳು.

"ಬಿಚ್ಚು. ನನಗೆ ಆಗ್ತಿಲ್ಲ."

ಅವನ ಬೆರಳುಗಳು ಬೆವರಿಗೆ ಅಂಟಿದ ರಬ್ಬರ್ ಬ್ಯಾಂಡನ್ನು ಹುಡುಕಿದವು. ಎಳೆ ಎಳೆಯಾಗಿ ಬಿಡಿಸತೊಡಗಿದವು. ಒಂದೆರಡು ಕೂದಲು ಚುರುಕ್ಕೆಂದು ಕಿತ್ತುಬಂದವು. ಅವಳು ಉಸಿರೆಳೆದುಕೊಂಡಳು.

"ನೋವಾಗ್ತಿದ್ಯಾ?"

"ಆಗ್ತಿದೆ."

"ನಿಲ್ಲಿಸ್ಲಾ?"

ಅವಳು ಕಣ್ಣು ಮುಚ್ಚಿ, ತಲೆಯನ್ನು ನಿಧಾನಕ್ಕೆ ಹಿಂದಕ್ಕೆ ಅವನ ಅಂಗೈಗಳಿಗೆ ಬಿಟ್ಟಳು.

"ಬೇಡ," ಎಂದಳು.